ಅರ್ಧ ಬೆಲೆಯ ತಪ್ಪು

ದಂಡಕ್ಕೂ ಸರ್ಕಾರ ರಿಯಾಯಿತಿ ಕೊಡುತ್ತದೆ ಅಂದಿದ್ದರೆ ನಮ್ಮ ತಾತಂದಿರು ನಂಬುತ್ತಿರಲಿಲ್ಲ. 2023ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಅದೂ ಆಯಿತು. ಸಂಚಾರ ನಿಯಮ ಮುರಿದು ದಂಡ ಬಾಕಿ ಇಟ್ಟುಕೊಂಡವರು 3ರಿಂದ 11ನೇ ತಾರೀಖಿನೊಳಗೆ ಕಟ್ಟಿದರೆ ಅರ್ಧ ಮಾಫಿ. ಜನ ಠಾಣೆಗಳ ಮುಂದೆ ಸಾಲುಗಟ್ಟಿದರು. ಅಷ್ಟು ದಿನದಲ್ಲಿ ನೂರು ಕೋಟಿ ರೂಪಾಯಿಗೂ ಮೀರಿ ಬಂತು. ದುಡ್ಡು ಬಂದ ದಾರಿ ಯಾರಿಗೆ ಬೇಡ? ಆಗಾಗ ಅದೇ ಮರುಕಳಿಸಿ, 2025ರ ಆಗಸ್ಟ್‌ನಲ್ಲೂ ಬಂತು. ಆ ಸಲ ನಮ್ಮ ಪಕ್ಕದ ಮನೆ ಮೇಷ್ಟ್ರು ಕಾಂಪೌಂಡಿನ ಆಚೆಯಿಂದ ಮೊಬೈಲ್ ಎತ್ತಿ ತೋರಿಸಿದರು. ಆಷಾಢದ ಸೇಲಿನಲ್ಲಿ ರೇಷ್ಮೆ ಸೀರೆ ಹೊಡೆದುಕೊಂಡು ಬಂದವರ ಕಳೆ ಇತ್ತು ಮುಖದಲ್ಲಿ.

"ಮಗನ ಬೈಕಿನ ಮೇಲೆ ನಾಲ್ಕು ಸಾವಿರ ಇತ್ತು ಕಣ್ರೀ. ಎರಡಕ್ಕೇ ಮುಗಿಸಿದೆ."

"ಎರಡು ಸಾವಿರ ಉಳಿಸಿದಿರಿ ಅನ್ನಿ."

"ಮತ್ತೆ? ಹೋದ ಸಲ ಗಾಬರಿ ಬಿದ್ದು ಪೂರ್ತಿ ಕಟ್ಟಿಬಿಟ್ಟಿದ್ದೆ. ಅದಾದ ಒಂದೇ ತಿಂಗಳಿಗೆ ರಿಯಾಯಿತಿ ಬಿಟ್ರು. ಹೊಟ್ಟೆ ಉರಿದುಹೋಯ್ತು."

ನೋಡಿ, ಹೊಟ್ಟೆ ಉರಿದದ್ದು ಮಗ ಸಿಗ್ನಲ್ ಹಾರಿಸಿದ ಅಂತಲ್ಲ. ಮೇಷ್ಟ್ರು ಕೆಟ್ಟವರಲ್ಲ. ನಮ್ಮ ಮನೆ ನುಗ್ಗೆಮರದ ಕೊಂಬೆ ಅವರ ಕಡೆ ಬಾಗಿದೆ, ಒಂದು ಕಾಯಿ ಕೀಳಬೇಕಾದರೂ ಕೂಗಿ ಕೇಳುತ್ತಾರೆ. ಆದರೆ ಗಣಿತದ ಮೇಷ್ಟ್ರು. ಒನ್ ವೇಯಲ್ಲಿ ಎದುರು ನುಗ್ಗುವ ವಿಷಯ ತೆಗೆದರೆ ಲೆಕ್ಕ ಶುರು. ನಮ್ಮ ಬೀದಿ ತುದಿಯಿಂದ ಮುಖ್ಯರಸ್ತೆಗೆ ಇಳಿದು ಯೂ ಟರ್ನ್ ತೆಗೆದುಕೊಂಡು ಬರಬೇಕು, ದಿನಾ ಆ ಸುತ್ತಿಗೆ ಪೆಟ್ರೋಲ್ ಇಷ್ಟು, ತಿಂಗಳಿಗೆ ಇಷ್ಟು. ಕ್ಯಾಮೆರಾಗೆ ಸಿಕ್ಕಿ ಬೀಳುವುದು ವರ್ಷಕ್ಕೆ ಒಂದೋ ಎರಡೋ ಸಲ, ಅದೂ ರಿಯಾಯಿತಿ ಬಂದರೆ ಅರ್ಧಕ್ಕೆ. "ಸುತ್ತಿ ಹೋಗೋದೇ ನಷ್ಟ ನೋಡಿ" ಅಂತ ನಗುತ್ತಾರೆ. ಆ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗಿದೆ. ರಸ್ತೆ ದಾಟುವ ಸ್ಕೂಲ್ ಹುಡುಗಿ ಗಾಡಿ ಬರಬೇಕಾದ ಕಡೆ ಮಾತ್ರ ನೋಡುತ್ತಾಳೆ, ಬರಬಾರದ ಕಡೆಯಿಂದ ಬರುವವನನ್ನೂ ನೋಡಬೇಕೆಂದು ಯಾವ ಟೀಚರೂ ಅವಳಿಗೆ ಕಲಿಸಿಲ್ಲ. ಅವಳ ಎದೆ ಧಸಕ್ಕೆಂದದ್ದಕ್ಕೆ ಯಾವ ಚಲನ್ನಿನಲ್ಲೂ ಕಾಲಂ ಇಲ್ಲ.

ಇದನ್ನು ಹೇಳಿದರೆ ಮೇಷ್ಟ್ರು ಎಲ್ಲರೂ ಹೇಳುವುದನ್ನೇ ಹೇಳಿದರು: "ಅದು ನಮ್ಮ ಜನದ ಬುದ್ಧಿ ಬಿಡಿ. ಫಾರಿನ್ನಲ್ಲಿ ಹಿಂಗಿಲ್ಲ."

ಇದೆ ಮೇಷ್ಟ್ರೇ. ಇಸ್ರೇಲಿನ ಹೈಫಾದಲ್ಲಿ ಊರಿ ಗ್ನೀಜಿ, ಆಲ್ಡೋ ರುಸ್ಟಿಚಿನಿ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಹತ್ತು ಶಿಶುವಿಹಾರ ಹಿಡಿದುಕೊಂಡು ಪರೀಕ್ಷೆ ಮಾಡಿದರು. ಮಕ್ಕಳನ್ನು ಕರೆದುಕೊಂಡು ಹೋಗಲು ಅಪ್ಪ ಅಮ್ಮ ತಡ ಮಾಡುತ್ತಿದ್ದರು, ಟೀಚರು ಕಾಯುತ್ತ ಕೂರಬೇಕಿತ್ತು. ಆರು ಕಡೆ ದಂಡ ಹಾಕಿದರು: ಹತ್ತು ನಿಮಿಷ ಮೀರಿದರೆ ಮಗುವಿಗೆ ಹತ್ತು ಶೆಕೆಲ್. ತಡ ಮಾಡುವವರು ಕಡಿಮೆಯಾಗಬೇಕಿತ್ತಲ್ಲ? ಹೆಚ್ಚಾದರು, ಸರಿಸುಮಾರು ಎರಡರಷ್ಟು. ಮುಂಚೆ "ಅಯ್ಯೋ, ಪಾಪ ಕಾಯ್ತಿರ್ತಾರೆ" ಅಂತ ಓಡಿ ಬರುತ್ತಿದ್ದ ತಾಯಿ, ಈಗ ದುಡ್ಡು ಕೊಡುತ್ತೇನಲ್ಲ ಅಂದುಕೊಂಡಳು. ತಮಾಷೆ ಮುಂದಿದೆ. ದಂಡ ತೆಗೆದ ಮೇಲೂ ಆ ಸಂಖ್ಯೆ ಇಳಿಯಲಿಲ್ಲ. ಸಂಕೋಚ ಒಂದು ಸಲ ಹೋದರೆ ಹೋಯಿತು. 2000ದಲ್ಲಿ ಪ್ರಕಟವಾದ ಈ ಅಧ್ಯಯನ ಕೇಳಿ ಮೇಷ್ಟ್ರು "ಹತ್ತು ಶೆಕೆಲ್ ಕಮ್ಮಿ ಆಯ್ತು, ನೂರು ಹಾಕಬೇಕಿತ್ತು" ಅಂದರು. ಅವರು ಹೇಳಿದ್ದರಲ್ಲಿ ಹುರುಳಿಲ್ಲದೆ ಇಲ್ಲ.

ನ್ಯೂಯಾರ್ಕಿನಲ್ಲಿ ಹಾಗೇ ಆಯಿತು. ವಿಶ್ವಸಂಸ್ಥೆಯ ರಾಜತಾಂತ್ರಿಕರ ಕಾರುಗಳಿಗೆ ಪಾರ್ಕಿಂಗ್ ಚೀಟಿ ಅಂಟಿಸಬಹುದಿತ್ತು, ದಂಡ ವಸೂಲಿ ಮಾಡುವಂತಿರಲಿಲ್ಲ. ಎಲ್ಲರಿಗೂ ಒಂದೇ ರಸ್ತೆ, ಒಂದೇ ವಿನಾಯಿತಿ. ಕುವೈತ್‌ನವರ ಬಾಕಿ ಬೆಟ್ಟದಷ್ಟು, ನಾರ್ವೆ, ಸ್ವೀಡನ್‌ನವರದು ಸೊನ್ನೆ. 2002ರ ಕೊನೆಯಲ್ಲಿ ನಗರದವರು ಬಾಕಿದಾರರ ನಂಬರ್ ಪ್ಲೇಟನ್ನೇ ಕಿತ್ತುಕೊಳ್ಳತೊಡಗಿದಾಗ ತಪ್ಪುಗಳು ಪಾತಾಳಕ್ಕೆ ಇಳಿದವು. ಅಂದರೆ ಕೆಲವರಿಗೆ ಒಳಗಿನಿಂದಲೇ ಬರುತ್ತದೆ, ಉಳಿದವರಿಗೆ ಪ್ಲೇಟು ಕಳಚಬೇಕು.

"ಹಂಗಾದ್ರೆ ಒಳಗಿಂದ ಬರೋದು ನಮ್ಮಲ್ಲಿ ಏನೂ ಇಲ್ವೇನ್ರಿ?" ಮೇಷ್ಟ್ರಿಗೆ ಸ್ವಲ್ಪ ಬೇಜಾರಾಯಿತು.

ಯಾಕಿಲ್ಲ? ಮದುವೆ ಮನೆಯ ಪಂಕ್ತಿ ನೋಡಿ. ಎಲೆ ಹಾಕಿ, ಉಪ್ಪು ಉಪ್ಪಿನಕಾಯಿಯಿಂದ ಹಿಡಿದು ಪಾಯಸದವರೆಗೂ ಎದುರಿಗಿದ್ದರೂ ಅನ್ನಕ್ಕೆ ತುಪ್ಪ ಬೀಳುವ ತನಕ ಯಾರೂ ಕೈ ಹಾಕುವುದಿಲ್ಲ. ಹಸಿದ ಹುಡುಗ ಹಪ್ಪಳದ ಚೂರು ಮುರಿದರೆ ಅಮ್ಮ ಕಣ್ಣು ಬಿಡುತ್ತಾಳೆ, ಅಷ್ಟೆ. ಮುಗಿಸುವಾಗಲೂ ಹಾಗೇ. ಪಕ್ಕದಲ್ಲಿರುವ ಹಲ್ಲಿಲ್ಲದ ಅಜ್ಜ ಮೊಸರನ್ನ ನಿಧಾನಕ್ಕೆ ಮಿದ್ದುತ್ತಿದ್ದರೆ, ಹೊರಡುವ ಬಸ್ಸಿದ್ದವನೂ ಎಲೆಯ ಮೇಲೆ ಬೆರಳಾಡಿಸುತ್ತ ಕೂರುತ್ತಾನೆ. ನಡುವೆ ಏಳಬಾರದು. ಇದಕ್ಕೆ ಯಾವ ಸೆಕ್ಷನ್ ಇದೆ? ಯಾವ ಪೊಲೀಸ್ ನಿಂತಿದ್ದಾನೆ? ನಾಲ್ಕು ಜನ ನೋಡುತ್ತಾರೆ ಅನ್ನುವುದೊಂದೇ.

ಮೇಷ್ಟ್ರು ಹಿಗ್ಗಿದರು. "ಅದೇ ನಾನು ಹೇಳೋದು. ಹಿರೀಕರು ಕಾನೂನಿಲ್ದೆ ಬಾಳಿ ತೋರಿಸಿದ್ರು."

ನಾನು ಅಲ್ಲಿಗೆ ಬಿಟ್ಟಿದ್ದರೆ ನೆರೆಹೊರೆ ಚೆನ್ನಾಗಿರುತ್ತಿತ್ತು. ಆದರೆ ಅದೇ ಪಂಕ್ತಿಯಲ್ಲಿ ಯಾರು ಕೂರಬೇಕು, ಯಾರು ಕೂರಬಾರದು ಅಂತ ಗೆರೆ ಎಳೆದದ್ದೂ ಆ ನಾಲ್ಕು ಜನವೇ ಅಲ್ಲವೆ? ಎಲೆಯ ಮರ್ಯಾದೆ ಕಲಿಸಿದ ಕೈಯೇ ಪಂಕ್ತಿಭೇದವನ್ನೂ ಮಾಡಿತು. ಹೋಟೆಲಿನಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟವನಿಗೆ ತಾನು ತಪ್ಪು ಮಾಡುತ್ತಿದ್ದೇನೆ ಅನ್ನಿಸಿರಲಿಲ್ಲ. ನಿಯಮ ಪಾಲಿಸುತ್ತಿದ್ದೇನೆ ಅಂದುಕೊಂಡಿದ್ದ. ಊರಿನ ನೀತಿ ತನ್ನಷ್ಟಕ್ಕೆ ತಿದ್ದಿಕೊಳ್ಳಲಿ ಅಂತ ಕಾದಿದ್ದರೆ ಇನ್ನೂ ಕಾಯುತ್ತಿರಬೇಕಿತ್ತು. 1950ರಲ್ಲಿ ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೇ ವಿಧಿ ಬಂತು, 1955ರಲ್ಲಿ ಅದಕ್ಕೆ ಶಿಕ್ಷೆಯ ಕಾಯ್ದೆ. ಜನರ ಮನಸ್ಸಿಗಿಂತ ಕಾನೂನು ಮೈಲಿಗಟ್ಟಲೆ ಮುಂದಿತ್ತು, ಅದೇ ಸರಿ. ಉಂಡೆದ್ದ ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನವನ್ನೇ ನೋಡಿ. "ನಮ್ಮ ನಂಬಿಕೆ, ನಾವೇ ಒಪ್ಪಿ ಉರುಳುತ್ತೇವೆ" ಅಂದರು ಉರುಳುವವರು. ಒಪ್ಪಿದವನ ಮಾನ ಮಾನವಲ್ಲವೆ? ಕೊನೆಗೆ ಅಮಾನವೀಯ ಆಚರಣೆಗಳ ವಿರುದ್ಧ 2017ರಲ್ಲಿ ನಮ್ಮ ವಿಧಾನಮಂಡಲ ಒಪ್ಪಿದ ಕಾಯ್ದೆಯಲ್ಲಿ ಅದೂ ಸೇರಿತು, 2020ರಲ್ಲಿ ಜಾರಿಗೆ ಬಂತು. ಇಲ್ಲಿ ಮಾತ್ರ ನನಗೆ ರಿಯಾಯಿತಿಯ ಮಾತು ಕಲ್ಪಿಸಿಕೊಳ್ಳಲೂ ಆಗುವುದಿಲ್ಲ. ಬೇರೆ ಲೋಟ ಇಟ್ಟ ಬಾಕಿ ಅರ್ಧ ಮಾಫಿ ಅಂತ ಯಾರಾದರೂ ಬೋರ್ಡು ಹಾಕಿಯಾರೆ?

ಮೇಷ್ಟ್ರು ಸ್ವಲ್ಪ ಹೊತ್ತು ನುಗ್ಗೆಮರ ನೋಡಿದರು. ಆಮೇಲೆ, "ಈಗೆಲ್ಲ ಬಫೆ ಬಿಡಿ. ಭೇದಾನೂ ಇಲ್ಲ, ಪಂಕ್ತೀನೂ ಇಲ್ಲ" ಅಂದರು.

ಅದೂ ನಿಜ. ಬಫೆಯಲ್ಲಿ ಜಾತಿ ಕೇಳುವವರಿಲ್ಲ, ಮೊಸರನ್ನದ ಅಜ್ಜನಿಗೆ ಕಾಯುವವರೂ ಇಲ್ಲ. ತಟ್ಟೆ ಹಿಡಿದು ಹೋಳಿಗೆ ಕೌಂಟರಿನ ಸಾಲಿನಲ್ಲಿ ನಿಂತಿರುತ್ತೀರಿ, ಪಕ್ಕದಿಂದ ಸಫಾರಿ ತೊಟ್ಟ ದೊಡ್ಡ ಮನುಷ್ಯರೊಬ್ಬರು ಕೈ ತೂರಿಸಿ ಎರಡು ಹಾಕಿಸಿಕೊಂಡು ತುಪ್ಪಕ್ಕೂ ಅಲ್ಲೇ ನಿಲ್ಲುತ್ತಾರೆ. ಸಾಲಿಗೆ ಸಾಲೇ ಒಳಗೊಳಗೆ ಕುದಿಯುತ್ತದೆ, ಬಾಯಿ ಬಿಡುವವರು ಒಬ್ಬರೂ ಇಲ್ಲ. ಬ್ಯಾಂಕಿನ ಸಾಲಿನಲ್ಲಾದರೆ ಜಗಳಕ್ಕೇ ಹೋಗುವ ಜನ ಇಲ್ಲಿ ಯಾಕೆ ಸುಮ್ಮನಿರುತ್ತಾರೆ ಅಂತ ಕೇಳಿದೆ.

"ಹೇಳೋದೇನೋ ಹೇಳಬಹುದು ಸಾರ್," ಅಂದರು ಮೇಷ್ಟ್ರು, "ಅವರು ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಮೊದಲು ಗೊತ್ತಾಗಬೇಕಲ್ಲ?"