ಸಿಪ್ಪೆ-ಸಂಕಥನ: ಕಡಲೆಕಾಯಿ ಪರಿಷೆಯ ಒಂದು ಚಳಿಗಾಲೀನ ಅನುಸಂಧಾನ

1. ಪೀಠಿಕೆಗೊಂದು ಪೀಠಿಕೆ

ಬಸವನಗುಡಿಯ ಚಳಿಗಾಲವನ್ನು ಕುರಿತು ಈವರೆಗೆ ಬಂದ ಬರಹಗಳೆಲ್ಲ ಒಂದು ಮೂಲಭೂತ ದೋಷದಿಂದ ನರಳುತ್ತಿವೆ: ಅವು ಅರ್ಥವಾಗುತ್ತವೆ. ಈ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಕಾರ್ತಿಕ ಮಾಸದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಸುತ್ತ ನೆರೆಯುವುದನ್ನು ಜನಸಾಮಾನ್ಯರು ಕಡಲೆಕಾಯಿ ಪರಿಷೆ ಎಂದೇ ತಪ್ಪಾಗಿ ತಿಳಿದುಕೊಂಡು ಬಂದಿದ್ದಾರೆ. ಅದು ಹಾಗಲ್ಲ. ಸ್ಥಳೀಯ ಅಸ್ಮಿತೆಯು ತನ್ನ ಬಹುತ್ವದ ನೆಲೆಯಲ್ಲಿ, ಭೂಗತ ದ್ವಿದಳ ಕಾಳೊಂದರ ಜೊತೆ ಮುಖಾಮುಖಿಯಾಗುತ್ತಾ, ಸಿಪ್ಪೆ ಮತ್ತು ಬೀಜ ಎಂಬ ಯಾಜಮಾನ್ಯದ ದ್ವಿತ್ವವನ್ನು ನಿರಚಿಸಿಕೊಳ್ಳುವ ಸಾಂಸ್ಕೃತಿಕ ಪಲ್ಲಟವೇ ಅದು. ಈ ವಾಕ್ಯವನ್ನು ಮಾರಾಟಕ್ಕೆ ಕೂತ ಒಬ್ಬ ಹೆಂಗಸಿಗೆ ಓದಿ ಹೇಳಲಾಯಿತು. ಆಕೆ ಪೂರ್ತಿ ಕೇಳಿ, "ಆಯ್ತಣ್ಣ, ಎಷ್ಟು ಸೇರು ಹಾಕ್ಲಿ?" ಎಂದರು. ಕ್ಷೇತ್ರಕಾರ್ಯದಲ್ಲಿ ಇಂಥ ಪ್ರತಿರೋಧ ಸಹಜ.

2. ಕಾಲಮೀಮಾಂಸೆ

ಆರಂಭದಲ್ಲೇ ಒಂದು ತೊಡಕು. ಪಂಚಾಂಗದ ಪ್ರಕಾರ ಕಾರ್ತಿಕ ಶರದೃತುವಿಗೆ ಸೇರಿದ್ದು, ಹೇಮಂತ ಶುರುವಾಗುವುದು ಮಾರ್ಗಶಿರದಲ್ಲಿ. ಅಂದರೆ ಪರಿಷೆಯ ದಿನ ಚಳಿಗಾಲ ಶಾಸ್ತ್ರೋಕ್ತವಾಗಿ ಇನ್ನೂ ಹುಟ್ಟಿಯೇ ಇರುವುದಿಲ್ಲ. ಆದರೂ ಅಂದು ಬೆಳಗ್ಗೆ ಬ್ಯೂಗಲ್ ರಾಕ್ ಉದ್ಯಾನಕ್ಕೆ ವಾಕಿಂಗ್ ಬರುವ ಹಿರಿಯರು ಮಂಕಿ ಟೋಪಿ, ಮಫ್ಲರು, ಅದರ ಮೇಲೊಂದು ಶಾಲು ಹೊದ್ದಿರುತ್ತಾರೆ. ಕಣ್ಣು-ಮೂಗು ಬಿಟ್ಟು ಏನೂ ಕಾಣದ ಕಾರಣ ಒಬ್ಬರು ಮತ್ತೊಬ್ಬರಿಗೆಂದು ಮಾಡಿದ ನಮಸ್ಕಾರ ಮೂರನೆಯವರಿಗೆ ಸಲ್ಲುತ್ತದೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ 13ರ ಮಾತು. ಆ ದಿನಕ್ಕೆ ಗೌರವ ಸೂಚಿಸಲೆಂದೇ ಈ ಊರಿನವರು ಹದಿನೇಳು ಡಿಗ್ರಿಗೇ ಟೋಪಿ ಎಳೆದುಕೊಳ್ಳುತ್ತಾರೆಂಬುದು ನಮ್ಮ ಪ್ರಮೇಯ. ಇದಕ್ಕೆ ಪುರಾವೆ ಇಲ್ಲ. ಪುರಾವೆ ಇಲ್ಲದ್ದಕ್ಕೇ ಪ್ರಮೇಯವೆಂದು ಹೆಸರಿಡುವುದು ವಾಡಿಕೆ.

ಆಕಾಶ ಮಲ್ಲಿಗೆಯ ಮರಗಳಿಗೆ ಈ ತಕರಾರು ಯಾವುದೂ ಗೊತ್ತಿಲ್ಲ. ಅವು ಪಂಚಾಂಗ ನೋಡದೆ ನವೆಂಬರಿನಲ್ಲಿ ಹೂ ಉದುರಿಸುತ್ತವೆ.

3. ಮೂಲಪಠ್ಯದ ಮರುಓದು

ಕಥೆ ಎಲ್ಲರಿಗೂ ಗೊತ್ತಿದೆ. ಗೊತ್ತಿದ್ದರೂ ಹೇಳಬೇಕು, ಏಕೆಂದರೆ ಮರುಓದಿಗೆ ಪುಟ ಬೇಕು. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ಹೊಸಕೆರೆಹಳ್ಳಿಗಳ ರೈತರು ಕಡಲೆಕಾಯಿ ಬೆಳೆಯುತ್ತಿದ್ದರು. ಒಂದು ಬಸವ ರಾತ್ರಿ ಹೊತ್ತು ಹೊಲಕ್ಕೆ ನುಗ್ಗಿ ಮೇಯುತ್ತಿತ್ತು. ಕಾದು ಕೂತ ರೈತ ಹೊಡೆದ, ಬಸವ ಕಲ್ಲಾಯಿತು. ತಪ್ಪಾಯಿತೆಂದು ರೈತರು ಗುಡಿ ಕಟ್ಟಿ, ಮೊದಲ ಫಸಲನ್ನು ಬಸವಣ್ಣನಿಗೆ ಒಪ್ಪಿಸತೊಡಗಿದರು. ಕಥೆ ಹೀಗೆಂದರೂ, ಗುಡಿ ಕಟ್ಟಿಸಿದ್ದು ಕೆಂಪೇಗೌಡ, 1537ರಲ್ಲಿ ಎಂಬುದು ರೂಢಿಯ ಮಾತು.

ಇಲ್ಲಿ ಬಸವ ಯಾರು? ಪ್ರಭುತ್ವವೇ? ಹೊಡೆದ ಕೋಲು ಅಂಚಿನವರ ಪ್ರತಿರೋಧವೇ? ಕಲ್ಲಾಗುವುದು ಚಲನಶೀಲತೆಯ ನಿರಾಕರಣೆಯೇ? ಇಂಥ ಪ್ರಶ್ನೆಗಳ ಮೇಲೆ ಎಷ್ಟು ಗಂಟೆ ಬೇಕಾದರೂ ಮಾತಾಡಬಹುದು. ಆಡುವುದನ್ನು ಕೇಳಿದ್ದೇನೆ. ಯಾರೂ ಕೇಳದ ಪ್ರಶ್ನೆ ಒಂದೇ: ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ, ಯುರೋಪಿನವರ ಹಡಗು ಹತ್ತಿ ಈಚೆ ಬಂದದ್ದು. 1537ರ ಹೊತ್ತಿಗೇ ಅದು ಸುಂಕೇನಹಳ್ಳಿಯ ಹೊಲ ಸೇರಿತ್ತೇ? ಬಸವ ಮೇಯ್ದದ್ದು ಬೇರೆ ಬೆಳೆಯಾಗಿದ್ದು, ಕಡಲೆಕಾಯಿ ಆಮೇಲೆ ಕಥೆಯೊಳಕ್ಕೆ ನುಗ್ಗಿರಬಹುದೇ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ದಾಖಲೆ ತೆಗೆದು, ಧೂಳು ಕೊಡವಿ, ಕೂತು ಓದಬೇಕು. ಪ್ರಭುತ್ವದ ಪ್ರಶ್ನೆಗೆ ಆ ಕಷ್ಟವಿಲ್ಲ.

ಕಲ್ಲಾದ ಮೇಲೂ ಬಸವ ಬೆಳೆಯುತ್ತಲೇ ಹೋಯಿತಂತೆ. ನೆತ್ತಿಯ ಬಳಿ ಶೂಲ ನೆಟ್ಟ ಮೇಲೆ ನಿಂತಿತಂತೆ. ಈಗ ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಸಂಶೋಧನಾ ಪ್ರಬಂಧಗಳಿಗೂ ಇಂಥದೊಂದು ಶೂಲದ ಏರ್ಪಾಡು ಆಗಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿ.

4. ಸಂಶೋಧನಾ ವಿಧಾನ

ಮಾದರಿ ಸಂಗ್ರಹ ವಿಧಾನವನ್ನು ಅನುಸರಿಸಲಾಗಿದೆ. ಅಂದರೆ ಗುಡಿಯ ರಸ್ತೆಯ ಒಂದು ತುದಿಯಿಂದ ಹೊರಟು, ಪ್ರತಿ ರಾಶಿಯ ಮುಂದೆಯೂ ನಿಂತು, "ಹೇಗಮ್ಮಾ ಸೇರು?" ಎನ್ನುತ್ತಾ ಎರಡು ಕಾಯಿ ಎತ್ತಿಕೊಂಡು, ಬೆರಳಲ್ಲಿ ಒತ್ತಿ, ಬಾಯಿಗೆ ಹಾಕಿಕೊಂಡು, ತಲೆಯಾಡಿಸಿ ಮುಂದಕ್ಕೆ ಹೋಗುವುದು. ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮಾದರಿ ಸಾಕಷ್ಟಾಗಿ, ಊಟದ ಅಗತ್ಯ ಉಳಿಯುವುದಿಲ್ಲ. ಈ ವಿಧಾನವನ್ನು ಬಸವನಗುಡಿಯ ಹಲವು ಕುಟುಂಬಗಳು ತಲೆಮಾರುಗಳಿಂದ ಬಳಸುತ್ತಿವೆ. ಯಾವ ವಿಶ್ವವಿದ್ಯಾಲಯವೂ ಅವಕ್ಕೆ ಪದವಿ ಕೊಟ್ಟಿಲ್ಲ.

ಹಸಿಕಾಯಿ, ಬೇಯಿಸಿದ್ದು, ಮರಳಲ್ಲಿ ಹುರಿದದ್ದು ಎಂದು ಮೂರು ಪಠ್ಯಗಳು ಲಭ್ಯ. ಎರಡು ಬೀಜದ್ದು, ಮೂರು ಬೀಜದ್ದು ಎಂಬ ಪಾಠಾಂತರಗಳಿವೆ. ಜೊಳ್ಳು ಕಾಯಿಯನ್ನು ಪಠ್ಯದ ಮೌನ ಎಂದು ಓದಬೇಕು. ಮಗ್ಗುಲಲ್ಲೇ ಬೆಂಡು-ಬತ್ತಾಸು, ಕಲ್ಯಾಣಸೇವೆ, ಕಡ್ಲೆಪುರಿಗಳ ಗುಡ್ಡಗಳು. ಅವುಗಳ ನಡುವೆ ಮಕ್ಕಳ ಕೈಯ ಪೀಪಿ. ಪೀಪಿಯನ್ನು ಕುರಿತು ಶಾಂತಚಿತ್ತದಿಂದ ಬರೆಯಲು ಪ್ರಬಂಧಕಾರರಿಗೆ ಸಾಧ್ಯವಾಗದ ಕಾರಣ ಆ ಭಾಗವನ್ನು ಕೈಬಿಡಲಾಗಿದೆ.

ಅಳತೆಯ ವಿಚಾರವನ್ನು ಮಾತ್ರ ಬಿಡುವಂತಿಲ್ಲ. ಪರಿಷೆಯ ಜ್ಞಾನಮೀಮಾಂಸೆ ಇರುವುದೇ ಅಲ್ಲಿ. ಸೇರನ್ನು ರಾಶಿಯೊಳಕ್ಕೆ ತೂರಿ ಎತ್ತುವಾಗ ಮಾರುವವರ ಹೆಬ್ಬೆರಳು ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಕೊಳ್ಳುವವರ ಕಣ್ಣು ಹಿಂಬಾಲಿಸುತ್ತದೆ. ಸೇರಿನ ಬಾಯಿಯ ಮೇಲೆ ಕಾಯಿ ಗೋಪುರದಂತೆ ನಿಲ್ಲಬೇಕೆಂಬುದು ಒಂದು ಪಕ್ಷ, ಬಾಯಿಮಟ್ಟ ಸಾಕೆಂಬುದು ಇನ್ನೊಂದು ಪಕ್ಷ.

"ಏನಮ್ಮಾ, ಸೇರು ತುಂಬ್ಲೇ ಇಲ್ವಲ್ಲ?"

"ತುಂಬೈತೆ ಸ್ವಾಮಿ. ನೀವು ನೋಡೋ ಅಷ್ಟ್ರಲ್ಲಿ ಮೇಲಿನ್ದನ್ನ ನೀವೇ ತಿಂದ್ರಲ್ಲ."

ಆಮೇಲೆ ಕೊಸರು. ಅಳತೆ ಮುಗಿದ ಮೇಲೆ ಕೈತುಂಬ ಬಾಚಿ ಚೀಲಕ್ಕೆ ಹಾಕುವ ಆ ಹಿಡಿಗೆ ದುಡ್ಡಿಲ್ಲ, ಲೆಕ್ಕವಿಲ್ಲ. ಕಾರು ನಿಲ್ಲಿಸಿ ಬಂದವರೂ ಅದನ್ನು ಬಿಡುವುದಿಲ್ಲ. ಮಾಲ್‌ನಲ್ಲಿ ಕಡಲೆಬೀಜದ ಪೊಟ್ಟಣಕ್ಕೆ ಮುದ್ರಿತ ಬೆಲೆ ತೆತ್ತು ಸುಮ್ಮನೆ ಬರುವವರು ಇಲ್ಲಿ ಕೊಸರಿಗಾಗಿ ಕಾಲು ಗಂಟೆ ವಾದಿಸುತ್ತಾರೆ. ಕೊಡುವಾಕೆಯೂ ಮೊದಲು ಗೊಣಗಿ, ಆಮೇಲೆ ಕೊಟ್ಟು, ಕೊಟ್ಟದ್ದು ಸಾಲದೆಂದು ತಾನೇ ಇನ್ನು ನಾಲ್ಕು ಕಾಯಿ ಹಾಕುವುದನ್ನು ಕಂಡಿದ್ದೇನೆ. ಇದಕ್ಕೆ ಯಾವ ಪರಿಭಾಷೆಯನ್ನು ಹಚ್ಚಬೇಕೋ ತಿಳಿಯಲಿಲ್ಲ.

5. ತಿನ್ನುವವರ ವರ್ಗೀಕರಣ

ಸಿಪ್ಪೆಯ ವಿಲೇವಾರಿಯನ್ನು ಆಧರಿಸಿ ತಿನ್ನುವವರನ್ನು ಹನ್ನೆರಡು ವರ್ಗಗಳಾಗಿ ವಿಂಗಡಿಸಬಹುದು.

ಅ) ಸಿಪ್ಪೆಯನ್ನು ಕಾಲಬುಡದಲ್ಲೇ ಉದುರಿಸುವ ನಿರ್ಲಿಪ್ತರು.

ಆ) ಜೇಬಿಗೆ ಹಾಕಿಕೊಂಡು ಮನೆಗೊಯ್ದು, ವಾಷಿಂಗ್ ಮೆಷಿನ್ ಕೆಟ್ಟಾಗ ಬೈಸಿಕೊಳ್ಳುವ ಸಜ್ಜನರು.

ಇ) ಬೀಜ ತಿಂದು ಸಿಪ್ಪೆಯನ್ನು ಅದೇ ಪೊಟ್ಟಣಕ್ಕೆ ಹಾಕಿ, ಉಳಿದವರು ಮುಂದಿನ ಅರ್ಧ ಗಂಟೆ ಪೊಟ್ಟಣದೊಳಗೆ ಕೈಯಾಡಿಸುತ್ತಲೇ ಇರುವಂತೆ ಮಾಡುವವರು. ಇವರಿಗೆ ಶಿಕ್ಷೆಯಾಗಬೇಕು.

ಈ) ಇನ್ನುಳಿದವರು.

ಹನ್ನೆರಡು ಆಗಲಿಲ್ಲ. ಆಗಬೇಕಾಗಿಯೂ ಇಲ್ಲ. ಚಳಿಗಾಲದಲ್ಲಿ ಮಾಡಲು ಬೇರೆ ಕೆಲಸಗಳಿವೆ. ಪರಿಷೆ ಮುಗಿದು ಸ್ವಲ್ಪ ದಿನಕ್ಕೆ ಮಾಗಡಿ ಕಡೆಯಿಂದ, ಹೊಸಕೋಟೆ ಕಡೆಯಿಂದ ಅವರೆಕಾಯಿ ಬಂದು ಗಾಂಧಿ ಬಜಾರಿನಲ್ಲಿ ಬೀಳುತ್ತದೆ. ಇಬ್ಬನಿ ಕುಡಿದ ಕಾಯಿ ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತುತ್ತದೆ, ಸೊಗಡು ಸಾಯಂಕಾಲದವರೆಗೂ ಕೈ ಬಿಡುವುದಿಲ್ಲ. ರಾತ್ರಿ ಟೀವಿ ಮುಂದೆ ಹಳೇ ಪೇಪರು ಹಾಸಿ ಮನೆಮಂದಿಯೆಲ್ಲ ಸುಲಿಯುತ್ತಾರೆ. ಹುಳು ಕಂಡಾಗ ಒಬ್ಬರಾದರೂ ಕಿರುಚುತ್ತಾರೆ. ಸುಲಿದದ್ದನ್ನು ನೀರಲ್ಲಿ ನೆನೆಹಾಕಿ, ಬೆಳಗ್ಗೆ ಹೆಬ್ಬೆರಳು ತೋರುಬೆರಳ ನಡುವೆ ಒಂದೊಂದನ್ನೇ ಹಿಡಿದು ಹಿತುಕಿದರೆ ಬೇಳೆ ಪುಳಕ್ಕನೆ ಹಾರಿ ಪಾತ್ರೆಗೆ ಬೀಳುತ್ತದೆ. ಎಲ್ಲವೂ ಪಾತ್ರೆಗೇ ಬೀಳುತ್ತವೆಂದೇನಿಲ್ಲ. ಕೆಲವು ಸೋಫಾದ ಅಡಿಗೆ ಹೋಗಿ ಸಂಕ್ರಾಂತಿ ಕಳೆದ ಮೇಲೆ ಪೊರಕೆಗೆ ಸಿಗುತ್ತವೆ. ಹಿತುಕಿದ ಬೇಳೆ ಸಾರಿಗೆ ಮುದ್ದೆಯಿರಬೇಕೋ ಅಕ್ಕಿ ರೊಟ್ಟಿಯಿರಬೇಕೋ ಎಂಬ ವಿವಾದದಲ್ಲಿ ನಾನು ಮುದ್ದೆಯ ಕಡೆ. ಧನುರ್ಮಾಸದ ನಸುಕಿನ ಹುಗ್ಗಿಯ ಕಡೆಗೂ ಹೌದು, ಆದರೆ ನಸುಕಿನಲ್ಲಿ ಏಳುವುದರ ಕಡೆಗಲ್ಲ. ಸಂಕ್ರಾಂತಿಯ ಎಳ್ಳುಬೆಲ್ಲದ ಹೊತ್ತಿಗೆ ಪರಿಷೆಯ ಕಡಲೆಬೀಜ ಡಬ್ಬಿಯ ತಳ ಕಂಡಿರುತ್ತದೆ. ಅಂದು ಸಂಜೆ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ನಂದಿಯ ಕೊಂಬುಗಳ ನಡುವೆ ಹಾದು ಬರುವ ಬಿಸಿಲಿಗೆ ಕಾಯುವವರ ನೂಕುನುಗ್ಗಲು ಬೇರೆ.

6. ಸಂಕಿರಣ ಕುರಿತು

ಈ ಪ್ರಬಂಧಕ್ಕೆ ಪ್ರೇರಣೆ ಒಂದು ವಿಚಾರ ಸಂಕಿರಣ. ಎಲ್ಲಿ, ಯಾರದು ಎಂಬುದು ಬೇಡ. ಎಲ್ಲವೂ ಹಾಗೇ ಇರುತ್ತವೆ. ವಿಷಯ: ನಗರ, ಜಾತ್ರೆ ಮತ್ತು ಸ್ಥಳೀಯತೆ. ಏರ್ ಕಂಡೀಷನ್ ಹಾಕಿದ ಸಭಾಂಗಣ. ನವೆಂಬರ್ ಕೊನೆಯಲ್ಲಿ ಬೆಂಗಳೂರಿನ ಗಾಳಿಗೆ ಕಿಟಕಿ ಮುಚ್ಚಿ ಯಂತ್ರದಿಂದ ತಂಪು ಮಾಡಿಕೊಂಡು ಚಳಿಗಾಲದ ಜಾತ್ರೆಯ ಬಗ್ಗೆ ಮಾತು. ದೀಪ ಬೆಳಗುವುದು, ಶಾಲು ಹೊದಿಸುವುದು, ನೆನಪಿನ ಕಾಣಿಕೆ ಎಲ್ಲ ಮುಗಿಯುವ ಹೊತ್ತಿಗೆ ಉಪ್ಪಿಟ್ಟು ಆರಿತ್ತು. ಆಶಯ ಭಾಷಣ ಮಾಡಿದವರು "ಅನನ್ಯತೆಯ ಸಂಕಥನಗಳ ಅಂತರ್ಪಠ್ಯೀಯ ನೆಲೆಗಳು" ಎಂದು ಶುರುಮಾಡಿ, ಅಲ್ಲಿಂದ ಕೆಳಗೆ ಇಳಿಯಲೇ ಇಲ್ಲ. ಕೊನೆಗೆ ಹಿಂದಿನ ಸಾಲಿನಲ್ಲಿ ಕೂತಿದ್ದ ವಯಸ್ಸಾದವರೊಬ್ಬರು ಎದ್ದು ನಿಂತು, ಬಹಳ ಮರ್ಯಾದೆಯಿಂದ ಕೇಳಿದರು: "ಸಾರ್, ಈ ಸಲ ಕಾಯಿ ಚೆನ್ನಾಗಿ ಬಂದಿತ್ತಾ?"

ವೇದಿಕೆಯಲ್ಲಿ ನಕ್ಕರು. "ಒಳ್ಳೆಯ ಪ್ರಶ್ನೆ" ಎಂದು ಮುಂದಿನ ಪ್ರಶ್ನೆಗೆ ಹೋದರು.

ಒಳ್ಳೆಯ ಪ್ರಶ್ನೆಯೇ ಅದು. ಆ ದಿನ ಕೇಳಿದ ಒಂದೇ ಪ್ರಶ್ನೆ. ಕಾಯಿ ಚೆನ್ನಾಗಿ ಬಂತೇ ಎಂದರೆ ಮಳೆ ಹೊತ್ತಿಗೆ ಬಂತೇ, ಹೂ ಬಿಟ್ಟ ಮೇಲೆ ನೆಲ ಹದವಾಗಿತ್ತೇ, ಕೀಳುವಾಗ ಮಳೆ ಹೊಡೆದು ಕಾಯಿ ಮಣ್ಣಲ್ಲೇ ಮೊಳೆಯಿತೇ ಎಂದರ್ಥ. ಚಿಂತಾಮಣಿಯಿಂದ, ಕೋಲಾರದಿಂದ, ಗಡಿಯಾಚೆಯ ಧರ್ಮಪುರಿ, ಕೃಷ್ಣಗಿರಿಗಳಿಂದ ಲಾರಿಗೆ ಬಾಡಿಗೆ ತೆತ್ತು ಬಂದವರಿಗೆ ಸಾಲ ತೀರುತ್ತದೆಯೇ ಎಂದರ್ಥ. ಬಸವನಗುಡಿಯ ಸುತ್ತ ಕಡಲೆಕಾಯಿ ಬೆಳೆಯುವ ಹೊಲ ಇಲ್ಲವಾಗಿ ಕಾಲವಾಯಿತು. 1898ರ ಪ್ಲೇಗಿನ ದಿನಗಳಲ್ಲಿ ಬಡಾವಣೆ ಎದ್ದಿತು, ಊರು ಬೆಳೆಯಿತು. ಸುಂಕೇನಹಳ್ಳಿಯ ಹೆಸರು ಒಂದು ವಾರ್ಡಿಗೆ ಅಂಟಿಕೊಂಡು ಉಳಿಯಿತು. ಬಸವಣ್ಣನಿಗೆ ಸಲ್ಲುವ ಮೊದಲ ಫಸಲು ಈಗ ಪರ ಊರಿನವರದು. ಅವರು ರಾಶಿಯ ಪಕ್ಕದಲ್ಲೇ ಗೋಣಿಚೀಲ ಹಾಸಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಎಳೆದುಕೊಂಡು ಮಲಗುತ್ತಾರೆ. ಚಳಿ ಎಂದರೆ ಏನೆಂದು ತಿಳಿಯಬೇಕಾದರೆ ಮಂಕಿ ಟೋಪಿಯನ್ನಲ್ಲ, ರಾತ್ರಿ ಎರಡು ಗಂಟೆಗೆ ಆ ಫುಟ್‌ಪಾತನ್ನು ನೋಡಬೇಕು. ಬೆಳಗಾದರೆ ಗಣ್ಯರು ಬರುತ್ತಾರೆ ಎಂದು ರಾಶಿ ಹಿಂದಕ್ಕೆ ಸರಿಸು ಎನ್ನುವವರು ಬರುತ್ತಾರೆ. ಒಬ್ಬಾಕೆ ಸೆರಗು ಬಿಗಿದು ಮೊರದಲ್ಲಿ ಕಾಯಿ ತುಂಬಿ ತುಂಬಿ ಮೂರಡಿ ಹಿಂದೆ ಸುರಿದರು. ಗಣ್ಯರು ಬಂದರು, ಒಂದು ಕಾಯಿ ಬಿಡಿಸಿ ಕ್ಯಾಮೆರಾಗಳ ಮುಂದೆ ತಿಂದರು, ಹೋದರು. ಆಕೆ ಮತ್ತೆ ಮೂರಡಿ ಮುಂದೆ ಸುರಿದರು. ಇದನ್ನು ಯಾವ ಪಲ್ಲಟ ಎನ್ನುತ್ತೀರಿ?

ಇನ್ನು ಬಸವಣ್ಣನ ಪಾದ. ಅಲ್ಲಿಂದಲೇ ವೃಷಭಾವತಿ ಹುಟ್ಟುತ್ತಾಳೆಂದು ಹಿರಿಯರು ನಂಬಿದ್ದರು. ಬಸವನ ಹೆಸರಿನ ಹೊಳೆ. ಗಾಳಿ ಆಂಜನೇಯನ ಮಗ್ಗುಲಲ್ಲಿ ಹಾದು, ಕೆಂಗೇರಿ ದಾಟಿ, ಬೈರಮಂಗಲದ ಕೆರೆ ತುಂಬಿ, ಅರ್ಕಾವತಿಯನ್ನು ಕೂಡಿ ಕಾವೇರಿಗೆ ಹೋಗುತ್ತದೆ. ನಾವು ಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಬಸವಣ್ಣನ ಹೊಳೆಗೆ ನಮ್ಮ ಬಚ್ಚಲು, ಕಕ್ಕಸು, ಕಾರ್ಖಾನೆಗಳನ್ನೆಲ್ಲ ಬಿಟ್ಟಿದ್ದೇವೆ. ಮೈಸೂರು ರಸ್ತೆಯಲ್ಲಿ ಅದರ ಬದಿಗೆ ಬಂದಾಗ ಬಸ್ಸಿನವರೆಲ್ಲ ಒಟ್ಟಿಗೆ ಕಿಟಕಿ ಎಳೆಯುತ್ತಾರೆ. ಬೈರಮಂಗಲದಲ್ಲಿ ನೊರೆ ಎದ್ದು ಗದ್ದೆಗೆ ಹಾರುತ್ತದೆ. ಆ ನೀರಿನಲ್ಲೇ ಬೆಳೆದ ಸೊಪ್ಪು ಮತ್ತೆ ನಮ್ಮ ಮಾರುಕಟ್ಟೆಗೆ ಬರುತ್ತದೆ. ನದಿಯನ್ನು ಮೋರಿ ಮಾಡಿ, ಮೋರಿಯ ತಲೆಯ ಮೇಲೆ ಕೂತು ಪರಂಪರೆಯ ನೆಲೆಗಳ ಬಗ್ಗೆ ಭಾಷಣ ಕೇಳುತ್ತೇವೆ, ಶಾಲು ಹೊದಿಸುತ್ತೇವೆ. ಮೂಗಿದ್ದವರು ಆಡುವ ಮಾತೇ ಇದು? ಹೊಲಕ್ಕೆ ನುಗ್ಗಿದ ಬಸವನನ್ನು ಹೊಡೆದದ್ದಕ್ಕೆ ಆ ನಾಲ್ಕು ಹಳ್ಳಿಯವರು ತಪ್ಪುಕಾಣಿಕೆ ಕಟ್ಟಿಕೊಂಡು ಬಂದಿದ್ದಾರೆ. ಹೊಳೆಯನ್ನೇ ಕೊಂದ ನಾವು ಏನು ಒಪ್ಪಿಸಿದ್ದೇವೆ?

ಪ್ರಬಂಧಕಾರರು ಇಲ್ಲಿ ಶಾಸ್ತ್ರೀಯ ನಿರ್ಲಿಪ್ತತೆಯನ್ನು ಕಳೆದುಕೊಂಡಿರುವುದು ಕಂಡುಬಂದಿದೆ.

7. ಮುಂದಿನ ಸಂಶೋಧನೆಗೆ ಅವಕಾಶಗಳು

ಈ ಕ್ಷೇತ್ರದಲ್ಲಿ ಆಗಬೇಕಾದ ಕೆಲಸ ಬೆಟ್ಟದಷ್ಟಿದೆ. ಪರಿಷೆಯ ರಾತ್ರಿ ರಾಶಿ ಬಿಟ್ಟು ಏಳಲಾಗದ ಹೆಂಗಸರು ಶೌಚಕ್ಕೆ ಎಷ್ಟು ದೂರ ನಡೆಯುತ್ತಾರೆ, ಅಷ್ಟು ಹೊತ್ತು ರಾಶಿಯನ್ನು ಯಾರು ನೋಡಿಕೊಳ್ಳುತ್ತಾರೆ, ಮಾರದೆ ಉಳಿದ ಹಸಿಕಾಯಿ ವಾಪಸು ಒಯ್ಯುವ ಲಾರಿ ಬಾಡಿಗೆ ಯಾರ ತಲೆಗೆ ಬೀಳುತ್ತದೆ ಎಂಬಿವು ಸದ್ಯದ ತುರ್ತು ವಿಷಯಗಳು. ಇವುಗಳ ಬಗ್ಗೆ ಯಾರಿಂದಲೂ ಪ್ರಬಂಧಗಳನ್ನು ಆಹ್ವಾನಿಸಿಲ್ಲ. ನಾಲ್ಕು ಶೌಚಾಲಯ, ಒಂದು ಕುಡಿಯುವ ನೀರಿನ ನಲ್ಲಿ, ಮಲಗುವವರಿಗೆ ಒಂದಿಷ್ಟು ದಪ್ಪನೆಯ ಕಂಬಳಿಗಳನ್ನು ಆಹ್ವಾನಿಸಲಾಗಿದೆ. ಪ್ರಯಾಣ ಭತ್ಯೆ ಇಲ್ಲ. ಬರುವವರು ಬಟ್ಟೆ ಚೀಲ ತರಬೇಕು, ಚಿಲ್ಲರೆ ಇಟ್ಟುಕೊಂಡಿರಬೇಕು, ಮತ್ತು ಈ ಸಲ ಕೊಸರು ಕೇಳಬಾರದು. ಆಕೆಯೇ ಹಾಕಿದರೆ ಬೇಡವೆನ್ನಲೂಬಾರದು.