ಲಗತ್ತುಗಳ ಗುರುಲಘು ವಿಚಾರ

ಹುಳಿಮಾವಿನ ಗವಿಯ ಕಿರಿದಾದ ಜಾಗದಲ್ಲಿ ಬ್ರಹ್ಮಾಂಡದ ಒಡೆಯನೇ ಹಿಡಿಸಿದ್ದಾನೆ. ಆ ರಾಮಲಿಂಗೇಶ್ವರನಿಗೆ ವಂದಿಸಿ ಈ ಶಾಸ್ತ್ರವನ್ನು ಆರಂಭಿಸುತ್ತೇವೆ.

ಶಾಸ್ತ್ರಕ್ಕೆ ನಾಲ್ಕು ಅನುಬಂಧಗಳಿರಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಆ್ಯಪ್‌ನಲ್ಲಿ ಲೆಕ್ಕದ ಜೊತೆ ಅಂಟಿಸಿದ ಫೋಟೊ, ಪಿಡಿಎಫ್, ವಿಡಿಯೊಗಳು ಕ್ಲೌಡ್ ಡೇಟಾಬೇಸಿಗೆ ಸಿಂಕ್ ಆಗುವಾಗ ಅಡ್ಡಬರುವ ಗಾತ್ರದ ಮಿತಿ. ಅಧಿಕಾರಿ: ಬನ್ನೇರುಘಟ್ಟ ರಸ್ತೆಯ ಯಾವುದೇ ಅಪಾರ್ಟ್‌ಮೆಂಟಿನ ಖಜಾಂಚಿ, ಮತ್ತು ಅವರಿಗೆ ಪುಕ್ಕಟೆ ಆ್ಯಪ್ ಬರೆದುಕೊಟ್ಟು ಸಿಕ್ಕಿಬಿದ್ದ ಮೂರನೇ ಮಹಡಿಯ ಇಂಜಿನಿಯರ್. ಸಂಬಂಧ: ಅವರಿಬ್ಬರ ನಡುವೆ ಈಗ ಉಳಿದಿರುವಷ್ಟು. ಪ್ರಯೋಜನ: ನೀರಿನ ಟ್ಯಾಂಕರಿನ ಚೀಟಿ ಎಲ್ಲಿ ಎಂದು ಮಹಾಸಭೆಯಲ್ಲಿ ಯಾರಾದರೂ ಕೇಳಿದಾಗ ಅದು ಸಿಗುವುದು.

1. ಲಗತ್ತು ಪ್ರಕರಣ

ಛಂದಸ್ಸಿನಲ್ಲಿರುವಂತೆ ಲಗತ್ತುಗಳೂ ಲಘು, ಗುರು, ಪ್ಲುತ ಎಂದು ಮೂರು ಬಗೆ. ಬ್ಯಾಂಕ್ ಪರೀಕ್ಷೆಗೆ ಐಬಿಪಿಎಸ್ ಕೇಳುವ 10ರಿಂದ 20 ಕೆಬಿ ಸಹಿಯ ಚಿತ್ರ ಲಘು. ಇದನ್ನು ಅಳತೆಗೆ ಇಳಿಸಿಕೊಡುವುದೇ ಬ್ರೌಸಿಂಗ್ ಸೆಂಟರಿನವರ ಕಸುಬು. ಫೋನಿನಿಂದ ನೇರ ತೆಗೆದ, ಮೂರು ನಾಲ್ಕು ಎಂಬಿಯ ಚೀಟಿಯ ಫೋಟೊ ಗುರು. ಚೀಟಿಯಲ್ಲಿರುವುದು ಒಂದು ಮೊತ್ತ, ಒಂದು ತಾರೀಖು, ಒಂದು ಸಹಿ. ಉಳಿದ ತೂಕವೆಲ್ಲ ಮೇಜಿನ ಮೇಲಿನ ಹೂವಿನ ಹೊದಿಕೆಯದು. ಲಿಫ್ಟ್ ಸದ್ದು ಮಾಡುತ್ತಿದೆ ಎಂದು ಸಾಬೀತುಪಡಿಸಲು ನಿವಾಸಿಯೊಬ್ಬರು ಚಿತ್ರೀಕರಿಸಿದ, ಲಿಫ್ಟ್ ಮಾತ್ರ ಕಾಣದ ಒಂದು ನಿಮಿಷದ ವಿಡಿಯೊ ಪ್ಲುತ. ಅದು ನೂರು ಎಂಬಿಯ ಆಸುಪಾಸು.

2. ಮಿತಿ ಪ್ರಕರಣ

ವಾರ್ತಿಕಕಾರರ ಕ್ರಮದಲ್ಲಿ ಮಿತಿ ಮೂರು ವಿಧ: ಉಕ್ತ, ಅನುಕ್ತ, ದುರುಕ್ತ.

ಉಕ್ತವೆಂದರೆ ಡೇಟಾಬೇಸಿನ ಕಂಪನಿಯೇ ಬರೆದಿಟ್ಟದ್ದು. ಒಂದು ದಾಖಲೆಗೆ ಫೈರ್‌ಸ್ಟೋರ್‌ನಲ್ಲಿ 10,48,576 ಬೈಟ್, ಡೈನಮೋಡಿಬಿಯಲ್ಲಿ 400 ಕೆಬಿ, ಮೊಂಗೋಡಿಬಿಯಲ್ಲಿ 16 ಎಂಬಿ. ಎಲ್ಲರಿಗೂ ಲಭ್ಯ, ಯಾರೂ ಓದುವುದಿಲ್ಲ.

ಅನುಕ್ತವೆಂದರೆ ದಾರಿಯಲ್ಲಿ ಕಾದು ಕುಳಿತದ್ದು. ನಡುವೆ ಎಂಜಿನ್‌ಎಕ್ಸ್ ಸರ್ವರ್ ಇದ್ದು ಯಾರೂ ಅದರ ಸೆಟ್ಟಿಂಗ್ ಮುಟ್ಟದಿದ್ದರೆ ಅದು 1 ಎಂಬಿಗಿಂತ ದೊಡ್ಡದನ್ನು 413 ಎಂಬ ಸಂಖ್ಯೆ ಹೇಳಿ ವಾಪಸು ಅಟ್ಟುತ್ತದೆ. ಆಂಡ್ರಾಯ್ಡ್ ಫೋನಿನೊಳಗಿನ ಡೇಟಾಬೇಸ್ ಇನ್ನೂ ವಿಚಿತ್ರ: ದೊಡ್ಡ ಫೋಟೊವನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಓದಲು ಹೋದಾಗ, ಸಾಮಾನ್ಯವಾಗಿ 2 ಎಂಬಿ ದಾಟಿದ ಸಾಲನ್ನು ಕೊಡಲಾರೆ ಎನ್ನುತ್ತದೆ.

ದುರುಕ್ತವೆಂದರೆ ಹೇಳಿದ್ದು ಒಂದು, ಆದದ್ದು ಒಂದು. ಚಿತ್ರವನ್ನು ಅಕ್ಷರಗಳಾಗಿ ಬರೆಯುವ ಬೇಸ್64 ಪದ್ಧತಿಯಲ್ಲಿ ಪ್ರತಿ ಮೂರು ಬೈಟ್ ನಾಲ್ಕಾಗುತ್ತದೆ. ಹೊರಡುವಾಗ 800 ಕೆಬಿ ಇದ್ದ ಚಿತ್ರ ತಲುಪುವಾಗ 1,066 ಕೆಬಿ ದಾಟಿ ಫೈರ್‌ಸ್ಟೋರ್ ಬಾಗಿಲಲ್ಲಿ ನಿಲ್ಲುತ್ತದೆ. ಖಜಾಂಚಿ ‘ಒಂದು ಎಂಬಿ ಕೂಡ ಇಲ್ಲವಲ್ರೀ’ ಎನ್ನುತ್ತಾರೆ. ಅವರು ಹೇಳುವುದು ನಿಜವೇ.

ಇಲ್ಲಿ ಪೂರ್ವಪಕ್ಷ: ಜಾಗ ಇಷ್ಟು ಅಗ್ಗವಾಗಿರುವಾಗ ಮಿತಿ ಯಾಕೆ? ಉತ್ತರ: ತೊಡಕಿರುವುದು ಇಡುವುದರಲ್ಲಲ್ಲ, ತೆಗೆಯುವುದರಲ್ಲಿ. ಫೈರ್‌ಸ್ಟೋರ್‌ನಂಥ ಡೇಟಾಬೇಸ್ ಫೋನಿಗೆ ದಾಖಲೆಯನ್ನು ಇಡಿಯಾಗಿಯೇ ಕೊಡುತ್ತದೆ. ಫೋಟೊ ದಾಖಲೆಯೊಳಗೇ ಇದ್ದರೆ, ತಿಂಗಳ ಟ್ಯಾಂಕರ್ ಖರ್ಚಿನ ಪಟ್ಟಿ ನೋಡಲು ಅಷ್ಟೂ ಚೀಟಿಗಳ ಫೋಟೊ ಇಳಿಸಿಕೊಳ್ಳಬೇಕಾದೀತು. ಮಿತಿ ಇಲ್ಲದಿದ್ದರೆ ಎಲ್ಲರೂ ಹಾಗೇ ಒಳಗೆ ತುರುಕುತ್ತಿದ್ದರು.

3. ಉಪಾಯ ಪ್ರಕರಣ

ರಾಜನೀತಿಯ ಗ್ರಂಥಗಳು ಹೇಳುವ ಉಪಾಯಗಳು ಏಳು. ಮೊದಲ ನಾಲ್ಕು ಗ್ರಾಹ್ಯ.

ಸಾಮವೆಂದರೆ ಫೈಲನ್ನು ಪುಸಲಾಯಿಸಿ ಕುಗ್ಗಿಸುವುದು. ಫೋಟೊದ ಉದ್ದದ ಬದಿಯನ್ನು 1,600 ಪಿಕ್ಸೆಲ್‌ಗೆ ಇಳಿಸಿದರೆ ಕೆಲವು ನೂರು ಕೆಬಿಗೆ ಬರುತ್ತದೆ, ಮೊತ್ತವನ್ನು ಆಗಲೂ ಓದಬಹುದು. ಆದರೆ ಕ್ರಯಪತ್ರದ ಮೊಹರಿಗೆ ಈ ಉಪಾಯ ಸಲ್ಲದು. ಜೆಪೆಗ್ ಚಿತ್ರಗಳನ್ನು ಜಿಪ್ ಮಾಡುವವರೂ ಇದ್ದಾರೆ. ಆಗಲೇ ಹಿಂಡಿದ್ದನ್ನು ಮತ್ತೆ ಹಿಂಡಿದರೆ ಹೆಚ್ಚೇನೂ ಇಳಿಯದು.

ದಾನವೆಂದರೆ ಫೈಲನ್ನು ಬೇರೆ ಉಗ್ರಾಣಕ್ಕೆ ಒಪ್ಪಿಸಿ ಡೇಟಾಬೇಸಿನಲ್ಲಿ ವಿಳಾಸ ಮಾತ್ರ ಬರೆಯುವುದು. ಅಮೆಜಾನ್‌ನ ಎಸ್3, ಫೈರ್‌ಬೇಸ್‌ನ ಕ್ಲೌಡ್ ಸ್ಟೋರೇಜ್ ಇರುವುದೇ ಇದಕ್ಕೆ. 25 ಎಂಬಿ ದಾಟಿದ ಲಗತ್ತನ್ನು ಜಿಮೇಲ್ ತಾನೇ ಡ್ರೈವ್‌ಗೆ ಹಾಕಿ ಕೊಂಡಿ ಕಳಿಸುವುದೂ ದಾನವೇ. ಉಪಾಯಗಳಲ್ಲಿ ಇದೇ ಶ್ರೇಷ್ಠ, ಆದರೆ ತೊಡಕು ಹುಟ್ಟುವುದೂ ಇಲ್ಲೇ. ಫೈಲು ಹೋಗಿ ದಾಖಲೆ ಹೋಗದಿದ್ದರೆ ಅನಾಥ ಫೈಲು. ದಾಖಲೆ ಹೋಗಿ ಫೈಲು ಹೋಗದಿದ್ದರೆ ಮನೆಯೇ ಇಲ್ಲದ ವಿಳಾಸ. ಆದ್ದರಿಂದ ಮೊತ್ತ ತಾರೀಖುಗಳನ್ನು ಮೊದಲು ಕಳಿಸಿ, ‘ಚಿತ್ರ ಬಾಕಿ’ ಎಂದು ಗುರುತಿಟ್ಟು, ಫೈಲು ತಲುಪಿದ ಮೇಲೆ ಆ ಗುರುತು ಅಳಿಸಬೇಕು. ಯಾರೂ ಕೇಳದ ಅನಾಥರನ್ನು ಆಗಾಗ ಗುಡಿಸಬೇಕು.

ಭೇದವೆಂದರೆ ತುಂಡರಿಸುವುದು. ಮೊಂಗೋಡಿಬಿಯ ಗ್ರಿಡ್‌ಎಫ್‌ಎಸ್ 255 ಕೆಬಿ ತುಂಡು ಮಾಡುತ್ತದೆ. ಎಸ್3ರಲ್ಲಿ ಕೊನೆಯದನ್ನು ಬಿಟ್ಟು ಪ್ರತಿ ತುಂಡೂ ಕನಿಷ್ಠ 5 ಎಂಬಿ ಇರಬೇಕು. ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಸಿಗ್ನಲ್ ಹೋದರೆ ನಿಂತ ತುಂಡಿನಿಂದ ಮುಂದುವರಿಯಬಹುದು. ಪ್ಲುತಕ್ಕೆ ಇದೇ ಗತಿ.

ದಂಡವೆಂದರೆ ಬೇಡವೆನ್ನುವುದು. ದಂಡ ತಪ್ಪಲ್ಲ, ತಡವಾದ ದಂಡ ತಪ್ಪು. 2020ರಿಂದ ನಮ್ಮ ರೈತರು ತಾವೇ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಬೆಳೆಯ ಫೋಟೊ ತೆಗೆಯುತ್ತಾರೆ. ಹೊಲದಲ್ಲಿ ತೆಗೆದದ್ದನ್ನು ನೆಟ್‌ವರ್ಕ್ ಇರುವಲ್ಲಿ ಕಳಿಸುವಂಥ ಯಾವ ಆ್ಯಪ್ ಆದರೂ, ಗಾತ್ರ ಜಾಸ್ತಿಯಾಯಿತೆಂದು ಕಳಿಸುವ ಹೊತ್ತಿಗೆ ಹೇಳಿದರೆ, ಅಷ್ಟರಲ್ಲಿ ರಾಗಿ ಕೊಯ್ಲಾಗಿರಬಹುದು. ಆಯ್ಕೆ ಮಾಡಿದ ಕ್ಷಣವೇ, ಫೋನಿನಲ್ಲೇ ಅಳೆದು ಹೇಳುವುದು ಧರ್ಮ. ಇನ್ನೊಂದು ಸೂಕ್ಷ್ಮ: ನೆಟ್‌ವರ್ಕ್ ಕಡಿದರೆ ಮತ್ತೆ ಮತ್ತೆ ಯತ್ನಿಸಬೇಕು; 413 ಬಂದರೆ ಯತ್ನಿಸಬಾರದು. ನಾಳೆಯೂ ಫೈಲು ಅಷ್ಟೇ ದಪ್ಪವಿರುತ್ತದೆ, ಖರ್ಚಾಗುವುದು ಖಜಾಂಚಿಯ ಡೇಟಾ.

ಉಳಿದ ಮೂರು ವರ್ಜ್ಯ. ಉಪೇಕ್ಷೆ: ದೊಡ್ಡ ಫೈಲನ್ನು ಸದ್ದಿಲ್ಲದೆ ಕೈಬಿಡುವುದು. ಮಾಯೆ: ಕೈಬಿಟ್ಟ ಮೇಲೆ ಹಸಿರು ಟಿಕ್ ತೋರಿಸುವುದು. ಇಂದ್ರಜಾಲ: ಫೋನಿನಲ್ಲಿ ಉಳಿದ ಪ್ರತಿಯನ್ನೇ ಕ್ಲೌಡಿನದೆಂಬಂತೆ ತೋರಿಸುವುದು. ಇದರ ಬಣ್ಣ ಬಯಲಾಗುವುದು ಖಜಾಂಚಿ ಹೊಸ ಫೋನು ಕೊಂಡ ದಿನ. ಫೈಲು ಹಿಡಿಸದಿದ್ದರೆ ಯಾರ ತಪ್ಪೂ ಅಲ್ಲ. ಹಿಡಿಸಿತು ಎಂದು ನಂಬಿಸುವುದೇ ಈ ಶಾಸ್ತ್ರ ಒಪ್ಪುವ ಏಕೈಕ ಪಾಪ.

4. ಫಲಶ್ರುತಿ

ಇದನ್ನು ಒಮ್ಮೆ ಓದಿದ ಇಂಜಿನಿಯರಿಗೆ ರಾತ್ರಿ ಹನ್ನೊಂದಕ್ಕೆ ಫೋನು ಬರುವುದಿಲ್ಲ. ಎರಡು ಸಲ ಓದಿದವರು ಪರದೆಯ ಮೇಲೆ ಹೀಗೆ ಬರೆಯುತ್ತಾರೆ: ‘ಈ ವಿಡಿಯೊ 96 ಎಂಬಿ ಇದೆ, 20 ಎಂಬಿವರೆಗೆ ಮಾತ್ರ ಹಿಡಿಸುತ್ತದೆ. ನಿಮ್ಮ ಲೆಕ್ಕ ಉಳಿದಿದೆ. ವಿಡಿಯೊ ಚಿಕ್ಕದು ಮಾಡಿ ಮತ್ತೆ ಹಾಕಿ.’ ಮೂರನೇ ಸಲ ಓದಬೇಕಾದವರು, ಮಿತಿಯನ್ನೇ ತೆಗೆದುಹಾಕಿ ಎಂದು ಕಮಿಟಿಗೆ ಆ್ಯಪ್ ಮೂಲಕ ಅರ್ಜಿ ಹಾಕಿರುವ ನಿವಾಸಿ. ಅರ್ಜಿಗೆ ಅವರು 40 ಎಂಬಿಯ ಸ್ಕ್ಯಾನ್ ಲಗತ್ತಿಸಿದ್ದರಿಂದ ಅದಿನ್ನೂ ಕಮಿಟಿಗೆ ತಲುಪಿಲ್ಲ.