ಸ್ಟಾರ್ಮಪ್ಪನ ಎರಡು ಸೀಟು

ಮನೂಕಕ್ಕೆ, ಅಂದರೆ ಒಣದ್ರಾಕ್ಷಿಗೆ, ರೇಟು ಬಂದ ವರ್ಷ ಟಿಕೋಟಾ ಸೀಮೆಯ ರೈತ ಏನು ಮಾಡುತ್ತಾನೆಂದು ಹೇಳಲು ಜ್ಯೋತಿಷಿ ಬೇಕಿಲ್ಲ. ಇನ್ನೊಂದು ಬೋರು ಹಾಕಿಸುತ್ತಾನೆ. ನೀರು ಬೀಳದಿದ್ದರೆ ಹತ್ತು ಮಾರು ಸರಿದು ಮತ್ತೊಂದು ಹಾಕಿಸುತ್ತಾನೆ. ಅದರಲ್ಲೂ ಬರೀ ಹುಡಿ ಬಂದರೆ ಮಗಳ ಮದುವೆ ಮಾಡುತ್ತಾನೆ. ಒಟ್ಟಿನಲ್ಲಿ ದುಡ್ಡು ಮನೆಯಲ್ಲಿ ಕೂರಬಾರದು. ಆದರೆ ಹತ್ತೂರಿಗೊಬ್ಬನಾದರೂ ಇರುತ್ತಾನೆ, ದುಡ್ಡನ್ನು ನೆಲದೊಳಗೆ ಹಾಕದೆ ನೆಲದ ಮೇಲೆ, ಗಾಳಿಯಿಲ್ಲದ ನಾಲ್ಕು ಟೈರಿನ ಮೇಲೆ ನಿಲ್ಲಿಸುವವ. ಬಿಜ್ಜರಗಿಯಲ್ಲಿ ಅವನನ್ನು ಕೇಳಿದರೆ "ಅಂವ ಹೊನವಾಡದಾಂವರಿ" ಎನ್ನುತ್ತಾರೆ. ಹೊನವಾಡದಲ್ಲಿ ಕೇಳಿದರೆ "ಛೇ ಛೇ, ಬಿಜ್ಜರಗಿಯಾಂವ" ಎನ್ನುತ್ತಾರೆ. ನಾನು ಬಿಜ್ಜರಗಿಯವನೆಂದೇ ಹಿಡಿದಿದ್ದೇನೆ. ಹೊನವಾಡದವರ ಜೊತೆ ನನಗೆ ಜಗಳ ಬೇಡ.

ಅವ ತಂದದ್ದು ಪದ್ಮಿನಿಯಲ್ಲ, ಕಾಂಟೆಸ್ಸಾ ಅಲ್ಲ. ಅಂಥವು ನಮ್ಮ ಕಡೆ ಗೋಡಂಬಿ ಗಿಡದಂತೆ ಅಪರೂಪವಾದರೂ ಕಂಡವು. ಇವ ತಂದದ್ದು ಸ್ಯಾನ್ ಸ್ಟಾರ್ಮ್. ಬೆಂಗಳೂರಿನಲ್ಲಿ ರೈಲು ಎಂಜಿನ್ ಮಾಡುತ್ತಿದ್ದ ಸ್ಯಾನ್ ಬಳಗದವರು 1998ರ ಹೊತ್ತಿಗೆ ಗೋವಾದಲ್ಲಿ ತಯಾರಿಸಿ ಮಾರಿದ ಪುಟ್ಟ ಸ್ಪೋರ್ಟ್ಸ್ ಕಾರು. ಎರಡು ಬಾಗಿಲು, ಎರಡು ಸೀಟು, ಬಿಚ್ಚಿ ಮಡಚುವ ಬಟ್ಟೆಯ ಮಾಡು, ಫೈಬರ್ ಮೈ, ಒಳಗೆ ಫ್ರಾನ್ಸಿನ ರೆನೋ ಕಂಪನಿಯ 1149 ಸಿಸಿ ಎಂಜಿನ್ನು. ದೇಶದಲ್ಲಿ ಬಹಳ ಜನ ಅದನ್ನು ಕೊಳ್ಳಲಿಲ್ಲ. ಕೊಳ್ಳದವರ ಜಾಣತನ ಏನಿತ್ತೆಂದು ಇವನಿಗೆ ಗೊತ್ತಾಗಲು ಇಪ್ಪತ್ತು ವರ್ಷ ಬೇಕಾಯಿತು. ಊರು ಅವನ ಹುಟ್ಟುಹೆಸರನ್ನು ಅವತ್ತೇ ಮರೆತು ಸ್ಟಾರ್ಮಪ್ಪ ಅಂತ ಕರೆಯಿತು.

ಪರಾಂಡಾದಿಂದ ಮಲಿಕ್-ಎ-ಮೈದಾನ್ ತೋಪನ್ನು ವಿಜಯಪುರಕ್ಕೆ ಎಳೆದು ತರಲು ನಾನೂರು ಎತ್ತು, ಹತ್ತು ಆನೆ ಹೂಡಿದ್ದರಂತೆ. ಐವತ್ತೈದು ಟನ್ನಿನ ತೋಪು, ಎಳೆಯಲಿ ಬಿಡಿ. ಸ್ಟಾರ್ಮಪ್ಪನ ಕಾರು ಒಂದು ಟೆಂಪೋದ ಮೇಲೆ ಬಂತು. ಇಳಿಸಲು ಎಂಟು ಮಂದಿ ಸಾಕಾದರು. ಫೈಬರ್ ಮೈಯಾದ್ದರಿಂದ ಎಲ್ಲಿ ಹಿಡಿದರೆ ಮುರಿಯುತ್ತದೋ ಅಂತ ಎಂಟೂ ಜನ ಎಳೆಗೂಸಿಗೆ ಮೊದಲ ನೀರು ಹಾಕುವವರ ಹಾಗೆ ಕೈ ಚಾಚಿ ನಿಂತಿದ್ದರು. ಗಾಳಿಯಿಲ್ಲದ ಟೈರು ನೆಲ ಮುಟ್ಟಿದ್ದೇ ತಡ, ಅವ ಊರ ಮಂದಿಯತ್ತ ತಿರುಗಿ ಮೊದಲ ಭಾಷಣ ಮಾಡಿದ.

"ಬರೇ ಅರವತ್ತ ಸಾವಿರ. ಫೈಬರ್ ಬಾಡಿ. ಜಂಗ ಹಿಡಿಯಂಗಿಲ್ಲ."

ಈ ಮೂರು ವಾಕ್ಯ ನೆನಪಿಡಿ. ಈ ಜಾತಿಯ ಮನುಷ್ಯನನ್ನು ಗುರುತಿಸಲು ಇಷ್ಟೇ ಸಾಕು. ಆಮೇಲೆ ಅವ ಎಷ್ಟು ಲಕ್ಷ ಸುರಿದರೂ ಕೊಂಡ ರೇಟು ಮಾತ್ರ ಅರವತ್ತೇ ಸಾವಿರ. ಮಗಳು ಗಂಡನ ಮನೆಗೆ ಹೋಗಿ ಮೊಮ್ಮಕ್ಕಳಾದರೂ ಅವ್ವ ಅವಳ ವಯಸ್ಸನ್ನು ಮದುವೆಯ ದಿನದ್ದೇ ಹೇಳುವುದಿಲ್ಲವೇ, ಹಾಗೆ.

ಊರಿನವರ ಪ್ರಶ್ನೆ ಬೇರೆಯೇ ಇತ್ತು. ನಮ್ಮ ಕಡೆ ಗಾಡಿ ಬಂದರೆ ಬಣ್ಣ ಕೇಳುವುದಿಲ್ಲ, ವೇಗ ಕೇಳುವುದಿಲ್ಲ.

"ಎಷ್ಟ ಮಂದಿ ಹಿಡೀತೈತಿ?" ಅವನ ಕಾಕಾ ಕೇಳಿದರು.

"ಇಬ್ಬರು."

"ಮ್ಯಾಲ?"

"ಮ್ಯಾಲ ಮಾಡss ಇಲ್ಲ ಕಾಕಾ."

ಕಾಕಾ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಕೂಲಿ ಆಳುಗಳನ್ನು ಹೊತ್ತು ತೋಟಕ್ಕೆ ಬರುವ ಟಂಟಂನಲ್ಲಿ ಹದಿನಾಲ್ಕು ಮಂದಿ ಕೂತು, ಮತ್ತಿಬ್ಬರು ಜೋತು ಬೀಳುವುದನ್ನು ದಿನಾ ನೋಡುವ ಕಣ್ಣಿಗೆ ಇಬ್ಬರ ಕಾರು ಅಂದರೆ ಅದು ವಾಹನವಲ್ಲ, ಅಹಂಕಾರ. "ಎಷ್ಟ ಎಚ್‌ಪಿ?" ಅಂದರು. "ಅರವತ್ತ" ಅಂದ. "ನಮ್ಮ ಟ್ರ್ಯಾಕ್ಟರ ಐವತ್ತೈತಿ, ಟ್ರಾಲಿ ತುಂಬಿ ಕಬ್ಬ ಎಳೀತೈತಿ. ಇಬ್ಬರ್ನ ಎಳಿಯಾಕ ಅರವತ್ತ ಕುದುರಿ ಯಾಕ ಬೇಕೊ? ಯಾರ್ಯಾರ್ನ ಕೂಡಸಾಂವ ನೀ?" ಸ್ಟಾರ್ಮಪ್ಪನ ಬಳಿ ಉತ್ತರವಿರಲಿಲ್ಲ. ಎರಡನೆಯ ಸೀಟು ಯಾರದೆಂಬ ಪ್ರಶ್ನೆ ಅಡುಗೆಮನೆಯಲ್ಲೂ ಆಗಲೇ ಹುಟ್ಟಿತ್ತು. ಹೆಂಡತಿ ತನ್ನದೆಂದು ತಿಳಿದಿದ್ದಳು. ಅವ್ವ ಕೇಳುವುದೇ ಬೇಡ ಎಂದು ತಿಳಿದಿದ್ದಳು.

ಮೊದಲ ವಾರ ಅವ ಕಲಿಯದವರೆಲ್ಲ ಮಾಡುವ ತಪ್ಪನ್ನೇ ಮಾಡಿದ. ಟ್ರ್ಯಾಕ್ಟರಿನ ಬ್ಯಾಟರಿ ತಂದು ಜೋಡಿಸಿ, ಊದುಬತ್ತಿ ಬೆಳಗಿ, ನೇರ ಕೀಲಿ ತಿರುವಿದ. ಟಕ್ ಅಂತು. ನಲವತ್ತು ಸಲ ತಿರುವಿದ, ನಲವತ್ತು ಸಲ ಟಕ್. ಅವತ್ತು ರಾತ್ರಿ ಮೊಬೈಲಿನಲ್ಲಿ ವಿಡಿಯೊ ನೋಡಿದಾಗ ಗೊತ್ತಾಯಿತು: ವರ್ಷಗಟ್ಟಲೆ ನಿಂತ ಗಾಡಿಯ ಟೈಮಿಂಗ್ ಬೆಲ್ಟು ಒಣಗಿ ಬಿರುಕು ಬಿಟ್ಟಿರುತ್ತದೆ, ಅದನ್ನು ಬದಲಿಸದೆ ಎಂಜಿನ್ ತಿರುಗಿಸಿದರೆ ಬೆಲ್ಟು ಕಡಿದು ವಾಲ್ವು ಪಿಸ್ಟನ್ನಿಗೆ ಬಡಿಯಬಹುದು, ಆಮೇಲೆ ಎಂಜಿನ್ನು ತೂಕಕ್ಕೆ ಮಾರುವುದೇ. ಅವ ಬೆವತ. ಆದರೆ ಎಂಜಿನ್ನು ಒಂದು ಸುತ್ತೂ ತಿರುಗಿರಲಿಲ್ಲ, ಏಕೆಂದರೆ ಸ್ಟಾರ್ಟರ್ ಮೋಟರೂ ಕೆಟ್ಟಿತ್ತು. ಒಂದು ರೋಗ ಇನ್ನೊಂದರಿಂದ ಕಾಪಾಡಿದ್ದನ್ನು ಅವ ದೈವಕೃಪೆ ಎಂದೇ ಇಂದಿಗೂ ಹೇಳುತ್ತಾನೆ.

ಮಿಸ್ತ್ರಿ ಬಂದ. ಟೆಂಪೊ, ಜೀಪುಗಳ ಡಾಕ್ಟರ. ಬಾನೆಟ್ ಎತ್ತಿ ಬಹಳ ಹೊತ್ತು ಹುಡುಕಿ, "ಕಾರ್ಬೊರೇಟರ್ ಎಲ್ಲೈತ್ರಿ?" ಅಂದ. "ಇದಕ್ಕ ಇಲ್ಲ, ಇಂಜೆಕ್ಷನ್ ಐತಿ." "ಹಂಗಾರ ಸರ್ಜನ್‌ಗ ತೋರಸ್ರಿ" ಎಂದು ಚಹಾ ಕುಡಿದು ಹೋದ.

ಇಲ್ಲಿಂದ ಮುಂದೆ ಸ್ಟಾರ್ಮಪ್ಪನನ್ನು ಪೂರಾ ನಗೆಪಾಟಲು ಮಾಡಲು ನನಗೆ ಮನಸ್ಸು ಬರುವುದಿಲ್ಲ. ಇಂಜೆಕ್ಟರ್ ಕಟ್ಟಿದೆ ಎಂದು ತಿಳಿದಾಗ ಅವ ಒಂದು ಕ್ಷಣ ಸುಮ್ಮನಿದ್ದು, "ಅಂದ್ರ ಡ್ರಿಪ್ಪ!" ಎಂದ. ಹೌದಲ್ಲ. ಬೋರಿನ ಸವಳು ನೀರಿಗೆ ಡ್ರಿಪ್ಪಿನ ತೂತು ಕಟ್ಟಿದರೆ ಆ್ಯಸಿಡ್ ಬಿಟ್ಟು, ಪೈಪಿನ ತುದಿ ಬಿಚ್ಚಿ, ರಭಸದಿಂದ ತೊಳೆದು, ಒಂದೊಂದು ಗಿಡದ ಬುಡದಲ್ಲಿ ಹನಿ ಎಣಿಸುವವ ಅವ. ನಾಲ್ಕು ಸಿಲಿಂಡರಿನ ಮುಂದೆ ನಾಲ್ಕು ಹನಿ ಯಾವ ಲೆಕ್ಕ? ಕಾರಿನ ಟ್ಯಾಂಕಿನಲ್ಲಿ ಪೆಟ್ರೋಲು ಬೆಲ್ಲದ ಪಾಕದಂತೆ ಅಂಟಾಗಿ, ಹಳೇ ವಾರ್ನಿಶ್ಶಿನ ವಾಸನೆ ಹೊಡೆಯುತ್ತಿತ್ತು. ಟ್ಯಾಂಕು ಇಳಿಸಿ ತೊಳೆದ, ಫಿಲ್ಟರು ಹಾಕಿದ, ಇಂಜೆಕ್ಟರುಗಳನ್ನು ವಿಜಯಪುರಕ್ಕೆ ಒಯ್ದು ಮಷಿನ್ನಿಗೆ ಕೊಟ್ಟು ಶುದ್ಧ ಮಾಡಿಸಿದ. ಇಲಿ ಕಡಿದ ವೈರಿಂಗನ್ನು ಅಕ್ಟೋಬರಿನಲ್ಲಿ ಬಳ್ಳಿ ಸವರುವ ಚಾಟನಿಯ ಕತ್ತರಿಯಿಂದಲೇ ಕಣ್ಣು ಬಿಟ್ಟು ಕತ್ತರಿಸಿದ. ಬ್ರೇಕು ಹಿಡಿದುಕೊಂಡಿತ್ತು, ರೇಡಿಯೇಟರ್ ಪೈಪು ಕೈಯಲ್ಲಿ ಪುಡಿಯಾಯಿತು; ಅದೆಲ್ಲ ಬೇಸರದ ಕತೆ. ಒಡೆದ ಫೈಬರನ್ನು ಬಚ್ಚಲಮನೆಗೆ ಫೈಬರ್ ಬಾಗಿಲು ಮಾಡುವವನ ಕೈಯಿಂದ ರೆಸಿನ್ ಹಚ್ಚಿಸಿ ಮುಚ್ಚಿಸಿದ್ದರಿಂದ ಕೆಂಪು ಕಾರಿನ ಎಡಪಕ್ಕೆಯ ಮೇಲೆ ಮಾತ್ರ ಬಚ್ಚಲ ಬಾಗಿಲಿನ ತಿಳಿನೀಲಿ ಉಳಿಯಿತು.

ಕೆಲಸದ ಹುಮ್ಮಸ್ಸಿನಲ್ಲಿ ಇನ್ನೊಂದು ಕೆಲಸವನ್ನೂ ಮಾಡಿದ. ಮ್ಯಾಟು ಕಿತ್ತು ನೋಡಿದರೆ ತಳದಲ್ಲಿ ನಾಲ್ಕೈದು ತೂತು. "ನೋಡು, ಹಿಂದಿನಾಂವ ಎಷ್ಟ ನಿಷ್ಕಾಳಜಿ" ಎಂದು ಬೈದು, ಎಂ-ಸೀಲ್ ನಾದಿ ಎಲ್ಲ ತೂತನ್ನೂ ಮುಚ್ಚಿದ. ಬೋರಿನ ಪೈಪಿಗೆ ಎಂ-ಸೀಲ್ ಹಚ್ಚಿ ಪಳಗಿದ ಕೈ. ಒಂದು ಹನಿ ಸೋರದು.

ಖರ್ಚಿನ ಲೆಕ್ಕ? ಅದು ತೋಟದ ಲೆಕ್ಕದ ವಹಿಯಲ್ಲೇ ಹೋಗುತ್ತಿತ್ತು, ವೇಷ ಮರೆಸಿಕೊಂಡು. ಹೆಂಡತಿ ಬಿ.ಕಾಂ. ಒಂದು ಸಂಜೆ ವಹಿ ಬಿಡಿಸಿಕೊಂಡು ಕೂತಳು.

"ಜುಲೈದಾಗ ಡಿಪ್ಪಿಂಗ್ ಆಯಿಲ್ ಹದಿನೆಂಟ ಸಾವಿರ ಬರದೀರಿ."

"ಹೂಂ."

"ಜುಲೈದಾಗ ಗಿಡದಾಗ ಎಲಿ ಬಿಟ್ಟರ ಏನೂ ಇರೂದಿಲ್ಲ. ಏನ ಅದ್ದಿದ್ರಿ?"

ಇದು ನಮ್ಮ ಸೀಮೆಯ ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಹಣ್ಣು ಕೊಯ್ಯುವುದು ಫೆಬ್ರವರಿಯಿಂದ ಏಪ್ರಿಲ್. ಆಗ ಗೊನೆಗಳನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಸಿಪ್ಪೆಯ ಮೇಲಿನ ಮೇಣ ಬಿಡಿಸಿ, ಶೆಡ್ಡಿನ ರ್ಯಾಕಿನ ಮೇಲೆ ಹರವುತ್ತಾರೆ. ಎರಡು ವಾರ ಬಿಸಿಲು, ಗಾಳಿ ಕೊಟ್ಟರೆ ನಾಲ್ಕು ಕಿಲೊ ದ್ರಾಕ್ಷಿ ಒಂದು ಕಿಲೊ ಮನೂಕ. ಜುಲೈ ತಿಂಗಳಲ್ಲಿ ಅದ್ದಲು ಇದ್ದದ್ದು ಒಂದೇ, ಅವನ ತಲೆ. ಅವ ಸತ್ಯ ಹೇಳಿದ: ಅದು ಕ್ಲಚ್ ಪ್ಲೇಟು.

ಸರಕಾರಿ ಕಾಗದಪತ್ರದ ಕತೆ ಕೇಳಬೇಡಿ. ಗೋವಾದ ನಂಬರು, ಹದಿನೈದು ವರ್ಷ ದಾಟಿ ತೀರಿಹೋದ ಆರ್‌ಸಿ, ಅಲ್ಲಿಂದ ಎನ್‌ಒಸಿ, ಇಲ್ಲಿ ಟ್ಯಾಕ್ಸು. ಅದಕ್ಕೇ ಕಾರು ಡಾಂಬರು ಮುಟ್ಟಲಿಲ್ಲ, ಮನೆಯಿಂದ ಶೆಡ್ಡಿನ ತನಕ ಹೊಲದ ದಾರಿಯೇ ಅದರ ರೇಸ್ ಟ್ರ್ಯಾಕು. ಆದರೆ ಅಷ್ಟರಲ್ಲಿ ಸ್ಟಾರ್ಮಪ್ಪ ಪ್ರೊಫೆಸರ್ ಆಗಿದ್ದ. ಮದುವೆಯ ಪಂಕ್ತಿಯಲ್ಲಿ ಪಕ್ಕದವ "ಸಾರ ಬಡಸ್ರಿ" ಅಂದರೆ, ಇವ ಬ್ರೇಕ್ ಎಣ್ಣೆ ಗಾಳಿಯೊಳಗಿನ ನೀರು ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು ಎನ್ನುತ್ತಿದ್ದ. ಪಕ್ಕದವನ ಬಳಿ ಇದ್ದದ್ದು ಎರಡು ಎಮ್ಮೆ.

ಹದಿನೇಳು ತಿಂಗಳ ಮೇಲೆ, ಒಂದು ಫೆಬ್ರವರಿ ಮುಂಜಾನೆ ಅದು ಎದ್ದಿತು. ಸೈಲೆನ್ಸರ್ ಇನ್ನೂ ಬಂದಿರಲಿಲ್ಲ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಶಾಲೆಯ ಮಕ್ಕಳ ನಾಲ್ಕು ಬಸ್ಸು ಒಟ್ಟಿಗೆ ಕೂಗಿದರೆ ಹೇಗೋ ಹಾಗೆ. ಎಮ್ಮೆ ಹಗ್ಗ ಹರಿಯಿತು. ಎರಡನೆಯ ಸೀಟಿನ ವ್ಯಾಜ್ಯ ಅವ್ವನ ಪರ ತೀರ್ಮಾನವಾಗಿ, ಅವಳು ಸೆರಗು ಹೊದ್ದು, ಮಡಿಲಲ್ಲಿ ಬುತ್ತಿ ಗಂಟು ಇಟ್ಟುಕೊಂಡು ನೆಲಕ್ಕೆ ಗೇಣಿನ ಮೇಲಿದ್ದ ಸೀಟಿನಲ್ಲಿ ಕೂತಳು. ಮುನ್ನೂರು ಮೀಟರು ಹೋಗಿ ಡ್ರಿಪ್ಪಿನ ಮೇನ್‌ಲೈನಿನ ಒಡ್ಡಿಗೆ ಹೊಟ್ಟೆ ತಾಗಿ ನಿಂತಿತು. ಅವ್ವ ಇಳಿಯಲಾರದೆ, "ಹಾಸಿಗಿ ಮ್ಯಾಲ ಮಲಕೊಂಡ ಹೊಲಕ್ಕ ಬಂದಂಗಾತ ನೋಡೊ" ಎಂದಳು. ಆ ಮಾತನ್ನು ಅವ ಮೆಚ್ಚುಗೆ ಎಂದು ಹಿಡಿದ.

ಕಾರಿನ ಬಟ್ಟೆ ಮಾಡನ್ನು ಇಲಿಗಳು ಎಂದೋ ತಿಂದಿದ್ದವು. ಹೊಸದನ್ನು ಹೊಲಿಯಲು ಹೇಳಿದ್ದ. ಅಲ್ಲಿಯ ತನಕ ಮನೂಕ ಶೆಡ್ಡಿನದೇ ಒಂದು ದೊಡ್ಡ ತಾಡಪತ್ರಿ ತಂದು ಕಾರಿಗೆ ಹೊದಿಸಿದ.

ಮಾರ್ಚಿನ ಕೊನೆಯ ವಾರ ರ್ಯಾಕಿನ ತುಂಬ ಮಾಲು. ಇನ್ನು ನಾಲ್ಕು ದಿನ ಬಿಸಿಲು ಸಿಕ್ಕರೆ ಕೆಳಗಿಳಿಸಬಹುದು. ನಡುರಾತ್ರಿ ಜತ್ತದ ಕಡೆ ಮಿಂಚಿತು. ಆ ಹೊತ್ತಿನಲ್ಲಿ ನಮ್ಮ ಸೀಮೆಯಲ್ಲಿ ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ. ಮನೆಮನೆಯ ದೀಪ ಹತ್ತುತ್ತವೆ, ಬ್ಯಾಟರಿ ಬೆಳಕು ಶೆಡ್ಡಿನ ಕಡೆ ಓಡುತ್ತದೆ. ಪಡುವಣದ ಬದಿಗೆ ಒಂದು ತಾಡಪತ್ರಿ ಕಡಿಮೆ ಬಿತ್ತು. ಹೆಂಡತಿ ಗಂಡನ ಮುಖ ನೋಡಿದಳು. ಗಂಡ ಕಾರಿನ ಕಡೆ ನೋಡಿದ. ಆಮೇಲೆ, ನಾನು ಕೇಳಿದ ಪ್ರಕಾರ, ಗಂಟು ಬಿಚ್ಚಿದ್ದು ಅವನೇ.

ಗಂಟೆಗಟ್ಟಲೆ ಹೊಡೆಯಿತು. ಮನೂಕ ಉಳಿಯಿತು. ಮುಂಜಾನೆ ಕಾಕಾ ಬಂದು ನೋಡಿದರೆ, ಸ್ಟಾರ್ಮಪ್ಪ ಪ್ಯಾಂಟು ಮೊಣಕಾಲಿಗೇರಿಸಿ ಡ್ರೈವರ್ ಸೀಟಿನ ಜಾಗದಲ್ಲಿ ನಿಂತಿದ್ದ. ಎಂ-ಸೀಲ್ ಒಂದು ಹನಿಯನ್ನೂ ಬಿಟ್ಟಿರಲಿಲ್ಲ. ಗೇರಿನ ಗುಂಡಿಯೊಂದೇ ನೀರಿನ ಮೇಲೆ ತಲೆ ಎತ್ತಿತ್ತು. ಅವ ಕೊಡದಲ್ಲಿ ತುಂಬಿ ಕೊಡುತ್ತಿದ್ದ, ಹೆಂಡತಿ ಒಯ್ದು ಬೇಲಿಯ ಪಕ್ಕದ ಎಳೆ ಬಳ್ಳಿಗಳ ಬುಡಕ್ಕೆ ಹಾಕುತ್ತಿದ್ದಳು. ಟ್ಯಾಂಕರಿಗೆ ದುಡ್ಡು ಕೊಟ್ಟು ಬಲ್ಲ ಮನೆ, ನೀರು ಚೆಲ್ಲುವುದಿಲ್ಲ.

"ಫೈಬರ್ ಐತಿ ಕಾಕಾ, ಜಂಗ ಹಿಡಿಯಂಗಿಲ್ಲ" ಎಂದ, ಯಾರೂ ಕೇಳದೆ.

ಕಾಕಾ ಒಂದು ಪ್ರದಕ್ಷಿಣೆ ಹಾಕಿ ಬಂದರು.

"ಎಷ್ಟ ಹಿಡೀತು?"

"ಹನ್ನೊಂದ ಕೊಡ."

"ಅಡ್ಡಿಯಿಲ್ಲ" ಎಂದರು ಕಾಕಾ.